ಗೋಡೆಯ ಮೇಲಿನ ಕೋವಿ: ಪರವಾನಗಿ, ವಿನಾಯಿತಿ ಮತ್ತು ಬೀಗದ ಬಗ್ಗೆ ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ

ಮಲೆನಾಡು, ಕೊಡಗು, ಕರಾವಳಿಯಿಂದ ಕೋವಿ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಅಮೆರಿಕದ ಟೆಕ್ಸಾಸ್‌ನಿಂದಲೂ ಒಂದು ಬಂದಿದೆ. ಕೋವಿ ಪರವಾನಗಿಯ ಕೇಸುಗಳನ್ನು ನಡೆಸುವವನಾಗಿ ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕೋವಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅಂತ ನಾವು ಬೇಕಾದಷ್ಟು ಜಗಳ ಆಡುತ್ತೇವೆ. ಕೊಟ್ಟ ಕೋವಿ ಮನೆಯಲ್ಲಿ ಎಲ್ಲಿರುತ್ತದೆ, ಯಾರ ಕೈಗೆ ಸಿಗುತ್ತದೆ ಅಂತ ಕೇಳುವವರು ಕಡಿಮೆ. ಜೀವ ಹೋಗುವುದು ಹೆಚ್ಚಾಗಿ ಅಲ್ಲೇ.

ಪ್ರಶ್ನೆ: ಬೆಳ್ತಂಗಡಿ ತಾಲ್ಲೂಕಿನಲ್ಲಿ ಎರಡು ಎಕರೆ ಗೇಣಿ ಜಾಗದಲ್ಲಿ ಭತ್ತ, ಬಾಳೆ ಬೆಳೆಯುತ್ತೇನೆ. ಹಂದಿ ಕಾಟ ವಿಪರೀತ. ನನ್ನ ಹೆಸರಲ್ಲಿ ಜಾಸ್ತಿ ಆಸ್ತಿ ಇಲ್ಲ ಅಂತ ಕೋವಿ ಪರವಾನಗಿ ಕೊಡೋದಿಲ್ಲ ಅಂತಾರೆ. ಪರಿಚಯದವರೊಬ್ಬರು ಪರವಾನಗಿ ಇಲ್ಲದ ಒಂದು ಕೇಪಿನ ಕೋವಿ (ನಳಿಕೆಯಲ್ಲಿ ಮದ್ದು ತುಂಬಿ, ಕೇಪು ಎಂಬ ಪುಟ್ಟ ಸಿಡಿಮುಚ್ಚಳ ಇಟ್ಟು ಹೊಡೆಯುವುದು) ಕೊಡಿಸ್ತೀನಿ ಅಂತಿದ್ದಾರೆ. ತಗೊಳ್ಳಲಾ?

ಬೇಡ. ದಯವಿಟ್ಟು ಬೇಡ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆಯಿತು. ಪರವಾನಗಿ ಇಲ್ಲದ ಕೋವಿ ಇಟ್ಟುಕೊಂಡರೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಪರವಾನಗಿ ಇಲ್ಲದೆ ಕೋವಿ ಮಾಡಿಕೊಡುವವನಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. 'ಬೆಳೆ ಕಾಯಲು ಇಟ್ಟಿದ್ದೆ' ಎಂಬ ಮಾತು ಕೋರ್ಟಿನಲ್ಲಿ ನಿಮ್ಮನ್ನು ಬಿಡಿಸುವುದಿಲ್ಲ. ಕಾನೂನು ಬಿಡಿ, ಕದ್ದುಮುಚ್ಚಿ ಮಾಡಿದ ಕೋವಿಯ ನಳಿಕೆ ಎಷ್ಟು ಗಟ್ಟಿ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಮಸಿ, ಅಂದರೆ ಕೋವಿಮದ್ದು, ಸ್ವಲ್ಪ ಹೆಚ್ಚಾದರೆ ನಳಿಕೆಯೇ ಸೀಳಿ ಹೊಡೆದವನ ಮುಖಕ್ಕೆ, ಕೈಗೆ ಬರುತ್ತದೆ.

ನಿಮಗೆ ಸರಿಯಾದ ದಾರಿಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ನೋಡಿ. ನಿಜವಾಗಿಯೂ ಬೆಳೆ ರಕ್ಷಣೆಗೆ ಬೇಕು ಅಂತ ಕೇಳಿದವರಿಗೆ ನಳಿಕೆಯ ಬಾಯಿಯಿಂದ ಮಸಿ ತುಂಬುವ ಕೋವಿಗೆ ಪರವಾನಗಿ ಕೊಡಬೇಕು ಅಂತಲೇ ಅಲ್ಲಿದೆ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ತೋಟೆ (ಮದ್ದು, ಗುಂಡು ಒಟ್ಟಿಗೇ ಇರುವ ಕಾರ್ಟ್ರಿಡ್ಜ್) ಹಾಕುವ ಕೋವಿಗೂ ಕೊಡಬಹುದು. 14ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ಇದನ್ನು ಬರೆದಿಟ್ಟುಕೊಳ್ಳಿ: ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ. ಇದು ಬಡ ರೈತನಿಗಾಗಿಯೇ ಇಟ್ಟ ಮಾತು. ಆದರೆ ಇದು ರೈತನಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ ಕಡತ ನೋಡುವ ಗುಮಾಸ್ತನಿಗೂ ಗೊತ್ತಿರುವುದಿಲ್ಲ.

ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ. ಪಹಣಿ, ಗೇಣಿ ಪತ್ರ ಅಥವಾ ನೀವೇ ಸಾಗುವಳಿ ಮಾಡುತ್ತಿದ್ದೀರಿ ಎಂಬುದಕ್ಕೆ ದಾಖಲೆ, ವಿಳಾಸದ ಪುರಾವೆ, ದೇಹ ಮತ್ತು ಮನಸ್ಸು ಆರೋಗ್ಯವಾಗಿವೆ ಎಂಬ ವೈದ್ಯರ ಪತ್ರ ಇರಲಿ. ಹಂದಿ ಹಾಳು ಮಾಡಿದ ಗದ್ದೆಯ ಫೋಟೊ, ಅರಣ್ಯ ಇಲಾಖೆಗೆ ಹಾಕಿದ ಬೆಳೆ ಪರಿಹಾರದ ಅರ್ಜಿಯ ಪ್ರತಿ ಇದ್ದರೆ ಇನ್ನೂ ಒಳ್ಳೆಯದು. ನಿಮಗೆ 21 ವರ್ಷ ತುಂಬಿರಬೇಕು. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ 'ಆಗಲ್ಲ ಹೋಗಿ' ಅಂದದ್ದನ್ನು ನಂಬಿ ವಾಪಸ್ ಬರಬೇಡಿ. ಆದೇಶ ಕೈಗೆ ಸಿಕ್ಕರೆ 18ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಬಹುದು.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಬೆಳೆರಕ್ಷಣೆ ಪರವಾನಗಿ ಸಿಕ್ಕಿತು ಅಂದರೆ ಹಂದಿ ಹೊಡೆಯಲು ಅನುಮತಿ ಸಿಕ್ಕಿತು ಅಂತಲ್ಲ. ಹೆದರಿಸಿ ಓಡಿಸಲು ಗಾಳಿಯಲ್ಲಿ ಒಂದು ಈಡು ಹೊಡೆಯುವುದು ಬೇರೆ. ಕೊಲ್ಲುವುದು ಬೇರೆ. ಕಾಡುಹಂದಿ ಈಗಲೂ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಕೊಲ್ಲಲು ಆ ಕಾಯ್ದೆಯ 11ನೇ ಸೆಕ್ಷನ್ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರವಣಿಗೆಯಲ್ಲಿ ಅನುಮತಿ ಕೊಡಬೇಕು. ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಮಾತ್ರ ಅದು ಅಪರಾಧವಲ್ಲ. ಹಂದಿ ಬರುವ ದಾರಿಯಲ್ಲಿ ಕೋವಿ ಕಟ್ಟಿ, ಟ್ರಿಗರ್‌ಗೆ ದಾರ ಎಳೆದಿಡುವವರೂ ಇದ್ದಾರೆ. ಆ ದಾರಕ್ಕೆ ಹಂದಿಯ ಕಾಲು, ಬೆಳಿಗ್ಗೆ ಸೊಪ್ಪು ತರಲು ಹೋಗುವ ಪಕ್ಕದ ಮನೆ ಅಜ್ಜಿಯ ಕಾಲು, ಎರಡೂ ಒಂದೇ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಪ್ರಶ್ನೆ: ನಾನು ಸಕಲೇಶಪುರದವನು. ಪರವಾನಗಿ ನವೀಕರಣಕ್ಕೆ ಅಲೆದು ಅಲೆದು ಸಾಕಾಗಿದೆ. ಗಡಿ ದಾಟಿದರೆ ಕೊಡಗಿನಲ್ಲಿ ಪರವಾನಗಿಯೇ ಬೇಡ. ಒಂದೇ ದೇಶ, ಒಂದೇ ಕಾಡು, ಎರಡು ಕಾನೂನು. ಇದು ನ್ಯಾಯವಾ?

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕೊಡಗಿನ ವಿನಾಯಿತಿ ನಿನ್ನೆ ಮೊನ್ನೆಯದಲ್ಲ. ಸೈನ್ಯದ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಭೂಮಿ ಕೊಡುವ ಜಮ್ಮಾ ಪದ್ಧತಿ ರಾಜರ ಕಾಲದಿಂದಲೂ ಅಲ್ಲಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಕ್ಕೆ ತೆಗೆದುಕೊಂಡರು. 1857ರ ದಂಗೆಯ ನಂತರ ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರವೂ ಕೇಂದ್ರ ಸರ್ಕಾರ ಅದನ್ನು ಮುಂದುವರಿಸಿತು. ಕೊಡವ ಜನಾಂಗದವರಿಗೆ ಮತ್ತು ಯಾವುದೇ ಜಾತಿಯ ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಇದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಇದು ಜಾತಿ ಆಧಾರದ ತಾರತಮ್ಯ ಅಂತ ಒಂದು ಅರ್ಜಿ ಹೈಕೋರ್ಟಿಗೆ ಹೋಯಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಕ್ಕೂ ಮೊದಲಿನಿಂದ ಬಂದ ಪದ್ಧತಿ, ಅದೂ ನಿಗದಿತ ಅವಧಿಗೆ ಮಾತ್ರ ಎನ್ನುವುದನ್ನು ಕೋರ್ಟ್ ಗಮನಿಸಿತು.

ನನ್ನ ಅಭಿಪ್ರಾಯ ಕೇಳಿದರೆ, ಆ ತೀರ್ಪು ಸರಿ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಒಂದು ಕೊಡವ ಮನೆಗೆ ಹೋಗಿ ನೋಡಿ. ನಾಟಿ ಮುಗಿದಿರುತ್ತದೆ. ಕೋವಿಯನ್ನು ಒರೆಸಿ, ದೇವರ ಕೋಣೆಯಲ್ಲಿಟ್ಟು, ಹೂ ಮುಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಒಂದು. ಹೀಗೆ ಕೋವಿಗೆ ಅಲ್ಲಿ ಹೊತ್ತು, ಜಾಗ, ಹಿರಿಯರ ಕಣ್ಣು ಎಲ್ಲ ಇದೆ. ಅದನ್ನು ಒಂದು ಆದೇಶದಿಂದ ಅಳಿಸುವುದು ಸರಿಯಲ್ಲ.

ಆದರೆ ಕೊಡಗಿನ ಓದುಗರೂ ಒಂದು ಮಾತು ಕೇಳಬೇಕು. ವಿನಾಯಿತಿ ಇರುವುದು ಪರವಾನಗಿ ಪಡೆಯುವುದರಿಂದ ಮಾತ್ರ. ಅಜಾಗರೂಕತೆಯಿಂದ ಗುಂಡು ಹಾರಿಸಿದರೆ, ಕೋವಿಯನ್ನು ಅರ್ಹತೆ ಇಲ್ಲದವರ ಕೈಗೆ ಕೊಟ್ಟರೆ, ಶಿಕ್ಷೆ ಎಲ್ಲರಿಗೂ ಒಂದೇ. ಜಮ್ಮಾ ಕೋವಿ ಇದ್ದವರಿಗೆ ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಸಿಗುತ್ತದೆ. ಅದನ್ನು ಮಾಡಿಸಿ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ, ಊರಿನ ಕೋವಿಯನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಓಡಾಡುವ ಹುಡುಗರನ್ನು ಕಂಡರೆ ನನಗೆ ಭಯ. ಜಿಲ್ಲೆಯಿಂದ ಹೊರಗೆ ಈ ವಿನಾಯಿತಿಗೆ ಮಿತಿಗಳಿವೆ. 2029ಕ್ಕೆ ಇದು ಮತ್ತೆ ಚರ್ಚೆಗೆ ಬರುತ್ತದೆ. ಆಗ ವಿನಾಯಿತಿ ಉಳಿಯಬೇಕು ಅಂದರೆ 'ನಮ್ಮ ಕೋವಿಗಳೆಲ್ಲ ದಾಖಲೆಯಲ್ಲಿವೆ, ಬೀಗದಲ್ಲಿವೆ' ಅಂತ ಹೇಳುವ ಸ್ಥಿತಿಯಲ್ಲಿ ಸಮಾಜ ಇರಬೇಕು.

ಸಕಲೇಶಪುರದವರಿಗೆ ಒಂದು ಸಮಾಧಾನ: 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿದೆ. ಅಲೆದಾಟ ಅಷ್ಟಾದರೂ ಕಡಿಮೆ. ಒಬ್ಬರ ಬಳಿ ಮೂರು ಕೋವಿ ಇರಬಹುದಿತ್ತು, ಅದೇ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು.

ಪ್ರಶ್ನೆ: ಮೂಡಿಗೆರೆ ಹತ್ತಿರದ ಎಸ್ಟೇಟ್ ಮನೆ ನಮ್ಮದು. ಮಾವನವರ ಜೋಡುನಳಿಕೆ ಕೋವಿ ಹಗಲು ಹಾಲ್‌ನ ಗೋಡೆಯಲ್ಲಿ ನೇತಾಡುತ್ತದೆ. ರಾತ್ರಿ ತೋಟೆ ತುಂಬಿ ಬಾಗಿಲ ಹಿಂದೆ ಒರಗಿಸುತ್ತಾರೆ. ಬೆಳಿಗ್ಗೆ ತೆಗೆಯಲು ಮರೆತದ್ದೂ ಇದೆ. ನನಗೆ ಇಬ್ಬರು ಸಣ್ಣ ಮಕ್ಕಳು. ಹೇಳಿದರೆ 'ಐವತ್ತು ವರ್ಷದಿಂದ ಏನೂ ಆಗಿಲ್ಲಮ್ಮ' ಅಂತಾರೆ. ಏನು ಮಾಡಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ನಿಮ್ಮ ಭಯ ಸರಿಯಾಗಿದೆ. ಅದನ್ನು ಅತಿ ಅಂತ ಯಾರು ಹೇಳಿದರೂ ಕೇಳಬೇಡಿ.

ಮಾವನವರ ಐವತ್ತು ವರ್ಷದ ಮಾತಿನಲ್ಲಿ ಒಂದು ತಪ್ಪಿದೆ. ಅಷ್ಟೂ ವರ್ಷ ಆ ಮನೆಯಲ್ಲಿ ಸದಾ ಸಣ್ಣ ಮಕ್ಕಳು ಇರಲಿಲ್ಲ. ಈಗ ಇದ್ದಾರೆ. ಮಕ್ಕಳಿಗೆ 'ಮುಟ್ಟಬೇಡ' ಅಂದರೆ ಸಾಕು ಅಂತ ದೊಡ್ಡವರು ಅಂದುಕೊಳ್ಳುತ್ತಾರೆ. ಅಜ್ಜ ದಿನಾ ಒರೆಸಿ, ಎತ್ತಿ, ಗುರಿ ನೋಡುವ ವಸ್ತುವನ್ನು ಮುಟ್ಟದೆ ಇರುವ ಮಗು ಎಲ್ಲಿದೆ ಹೇಳಿ?

ಕಾನೂನು ನಿಮ್ಮ ಕಡೆ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪರವಾನಗಿದಾರ ಕೋವಿಯನ್ನು ಭದ್ರವಾಗಿ ಇಡುತ್ತೇನೆ ಅಂತ ಮುಚ್ಚಳಿಕೆ ಕೊಡಬೇಕು. ಷರತ್ತು ಮುರಿದರೆ ಅದು ಅಪರಾಧ, ಪರವಾನಗಿ ರದ್ದಾಗಲೂ ಕಾರಣ. ಆದರೆ ಮನೆಗೆ ಬಂದು ಬೀರು ತೆಗೆಸಿ ನೋಡುವವರು ಯಾರೂ ಇಲ್ಲ. ಅರ್ಜಿ ಹಾಕುವಾಗ ಪೊಲೀಸರು ಬಂದು ನಿಮ್ಮ ನಡತೆ ವಿಚಾರಿಸುತ್ತಾರೆ, ಗೋಡೆಯಲ್ಲಿ ಮೊಳೆ ಎಲ್ಲಿದೆ ಅಂತ ನೋಡುವುದಿಲ್ಲ. ನವೀಕರಣದ ಹೊತ್ತಿಗೆ ಕೋವಿ ತೋರಿಸು ಅನ್ನುವ ಹಾಗೆ ಕಪಾಟು ತೋರಿಸು ಅಂತಲೂ ಕೇಳಬೇಕು. ಸರ್ಕಾರ ಒಂದೇ ಒಂದು ಬದಲಾವಣೆ ಮಾಡುವುದಾದರೆ ನಾನು ಇದನ್ನೇ ಕೇಳುತ್ತೇನೆ.

ಈಗ ಮನೆಯೊಳಗಿನ ಕೆಲಸ. ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ, ಬೀಗ ಇರುವ ಕಬ್ಬಿಣದ ಕಪಾಟು ಒಂದು ಬೇಕು. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಕೋವಿ ಅದರಲ್ಲಿ, ಖಾಲಿ. ತೋಟೆ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ಎರಡು ಬೀಗದ ಕೈ ಒಂದೇ ಗೊಂಚಲಿನಲ್ಲಿ ಬೇಡ. ಬಟ್ಟೆ ಬೀರುವಿನ ಮೇಲೆ, ದೇವರ ಫೋಟೊ ಹಿಂದೆ ಇಡುವುದೂ ಬೇಡ. ಅದು ಮಕ್ಕಳಿಗೆ ಮೊದಲು ಗೊತ್ತಾಗುವ ಜಾಗ. ರಾತ್ರಿ ಹೊರಗೆ ತೆಗೆದಿದ್ದರೆ, ಒಳಗೆ ಬಂದ ಕೂಡಲೇ ಕೋವಿಯನ್ನು ನಡುವೆ ಮಡಚಿ ತೆರೆದು, ಎರಡೂ ತೋಟೆ ತೆಗೆದು, ನಳಿಕೆಯ ಒಳಗೆ ಕಣ್ಣಿಟ್ಟು ಆಚೆ ಬೆಳಕು ಕಾಣುತ್ತದಾ ಅಂತ ನೋಡಬೇಕು. ಬೆಳಕು ಕಂಡರೆ ಮಾತ್ರ ಅದು ಖಾಲಿ. ನೆನಪಿನ ಮೇಲೆ ಖಾಲಿ ಅಂತ ಹೇಳಬಾರದು.

ಕೇಪಿನ ಕೋವಿ ಇರುವ ಮನೆಯವರಿಗೂ ಇದೇ ಮಾತು. ಕೇಪು ತೆಗೆದಿದ್ದೇನೆ, ಇನ್ನೇನು ಅಪಾಯ ಅಂತಾರೆ. ನಳಿಕೆಯಲ್ಲಿ ಮಸಿ ಮತ್ತು ಚರೆ (ಸಣ್ಣ ಗುಂಡುಗಳು) ಇರುವ ತನಕ ಅದು ತುಂಬಿದ ಕೋವಿಯೇ. ಇನ್ನೊಂದು ಕೇಪು ಸಿಕ್ಕಿಸಲು ಎಷ್ಟು ಹೊತ್ತು ಬೇಕು? ತುಂಬಿದ್ದನ್ನು ಹಾರಿಸಿಯೋ, ಗೊತ್ತಿದ್ದವರಿಂದ ತೆಗೆಸಿಯೋ ಖಾಲಿ ಮಾಡಿಯೇ ಒಳಗಿಡಬೇಕು.

ಮಾವನವರಿಗೆ ಹೇಳುವುದು ಹೇಗೆ? ಸೊಸೆ ಹೇಳಿದರೆ ಅದು ಅಧಿಕಾರದ ಮಾತಾಗುತ್ತದೆ. ನಿಮ್ಮ ಗಂಡ ಹೇಳಲಿ, ಅಥವಾ ಅವರ ಸರೀಕರಲ್ಲಿ ಕೋವಿ ಇರುವ ಒಬ್ಬರಿಂದ ಹೇಳಿಸಿ. ಆಯುಧಪೂಜೆಗೆ ಕಪಾಟು ತಂದುಬಿಡಿ. ಕೋವಿಗೆ ಪೂಜೆ ಮಾಡಿ ಅವರ ಕೈಯಿಂದಲೇ ಅದರಲ್ಲಿ ಇಡಿಸಿ. ಬೀಗದ ಕೈ ಅವರ ಬಳಿಯೇ ಇರಲಿ. ಅವರ ಗೌರವ ಕಡಿಮೆ ಆಗುವುದಿಲ್ಲ, ಮಕ್ಕಳೂ ಸುರಕ್ಷಿತ.

ಹೇಳಲು ಕಷ್ಟವಾದರೂ ಇನ್ನೊಂದು ಮಾತು ಹೇಳಲೇಬೇಕು. ಬೀಗ ಮಕ್ಕಳಿಗೆ ಮಾತ್ರ ಅಲ್ಲ. ಸಾಲ, ಬೆಳೆ ನಷ್ಟ, ಕಾಯಿಲೆ, ಸಂಸಾರದ ಜಗಳ, ಕುಡಿತ, ಇವುಗಳಲ್ಲಿ ಯಾವುದೋ ಒಂದು ಕೆಟ್ಟ ಗಳಿಗೆಯಲ್ಲಿ ದೊಡ್ಡವರೂ ತಮ್ಮ ಜೀವಕ್ಕೇ ಕೈ ಹಾಕುತ್ತಾರೆ. ಆ ಗಳಿಗೆ ಸಾಮಾನ್ಯವಾಗಿ ಕಳೆದುಹೋಗುತ್ತದೆ. ಹತ್ತಿರದಲ್ಲಿ ಕೋವಿ ಇದ್ದರೆ ಕಳೆಯಲು ಅವಕಾಶ ಸಿಗುವುದಿಲ್ಲ. ಮನೆಯಲ್ಲಿ ಯಾರಾದರೂ ಮಂಕಾಗಿದ್ದಾರೆ, 'ಬದುಕಿ ಏನು ಪ್ರಯೋಜನ' ಅನ್ನುವ ಮಾತು ಬಂತು ಅಂದರೆ ಅವತ್ತೇ ಕೋವಿಯನ್ನು ಮನೆಯಿಂದ ಹೊರಗೆ ಕಳಿಸಿ. ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಕೋವಿ ಅಂಗಡಿಯಲ್ಲಿ ಠೇವಣಿ ಇಡಬಹುದು. ಅವರ ಜೊತೆ ಕೂತು ಮಾತಾಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ಮಗನನ್ನು ಗೆಳೆಯನ ಮನೆಗೆ ರಾತ್ರಿ ಉಳಿಯಲು ಕರೆದಿದ್ದಾರೆ. ಅವರ ಮನೆಯಲ್ಲಿ ಗನ್ ಇದೆಯಾ ಅಂತ ಕೇಳೋದು ಅವಮಾನ ಆಗುತ್ತಾ? ಇಷ್ಟೆಲ್ಲ ಸಾವಾದರೂ ಇಲ್ಲಿ ಕಾನೂನು ಯಾಕೆ ಬದಲಾಗಲ್ಲ?

ಕೇಳಿ. ಖಂಡಿತ ಕೇಳಿ. 'ಇವನಿಗೆ ಕಡಲೆಕಾಯಿ ಅಲರ್ಜಿ, ನಿಮ್ಮಲ್ಲಿ ನಾಯಿ ಇದೆಯಾ, ಈಜುಕೊಳ ಇದೆಯಾ, ಗನ್ ಇದ್ದರೆ ಬೀಗದಲ್ಲಿದೆಯಾ' ಅಂತ ಒಂದೇ ಉಸಿರಿನಲ್ಲಿ ಕೇಳಿದರೆ ಯಾರಿಗೂ ಬೇಸರ ಆಗುವುದಿಲ್ಲ. ಅಲ್ಲಿನ ಮಕ್ಕಳ ವೈದ್ಯರೇ ಹೀಗೆ ಕೇಳಿ ಅಂತಾರೆ. 17 ವರ್ಷದೊಳಗಿನ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವ ಹಾಗೆ ಬಿಡುವುದು ಟೆಕ್ಸಾಸ್‌ನಲ್ಲೂ ಅಪರಾಧ. ಉತ್ತರ ಸಮಾಧಾನ ತರದಿದ್ದರೆ ಆ ಹುಡುಗನನ್ನೇ ನಿಮ್ಮ ಮನೆಗೆ ಕರೆಯಿರಿ.

ಕಾನೂನಿನ ವಿಷಯ. 1791ರಲ್ಲಿ ಬಂದ ಎರಡನೇ ತಿದ್ದುಪಡಿಯಿಂದ ಅಲ್ಲಿ ಆಯುಧ ಹೊಂದುವುದು ಸಂವಿಧಾನದ ಹಕ್ಕು. ನಮ್ಮಲ್ಲಿ ಅಂಥ ಹಕ್ಕಿಲ್ಲ. ದೊಡ್ಡ ವ್ಯತ್ಯಾಸ ಅದೇ. ಮನೆಯಲ್ಲಿರುವ ಬಂದೂಕನ್ನು ಬಿಚ್ಚಿಡಬೇಕು ಅಥವಾ ಟ್ರಿಗರ್‌ಗೆ ಬೀಗ ಹಾಕಿರಬೇಕು ಅಂತ ವಾಷಿಂಗ್ಟನ್ ಡಿ.ಸಿ.ಯಲ್ಲಿ ಒಂದು ಕಾನೂನಿತ್ತು. 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆತ್ಮರಕ್ಷಣೆಗೆ ತಕ್ಷಣ ಸಿಗದ ಬಂದೂಕು ಪ್ರಯೋಜನ ಇಲ್ಲ ಎಂಬುದು ವಾದ. ಅದೇ ಕೋರ್ಟಿನ 2022ರ ಬ್ರೂಯೆನ್ ತೀರ್ಪು ಹೊಸ ನಿರ್ಬಂಧಗಳನ್ನು ಇನ್ನೂ ಕಷ್ಟ ಮಾಡಿತು. ಹಾಗಂತ ಎಲ್ಲ ಬಾಗಿಲು ಮುಚ್ಚಿಲ್ಲ. 2022ರ ಮೇ 24ರಂದು ನಿಮ್ಮದೇ ರಾಜ್ಯದ ಯುವಾಲ್ಡಿ ಶಾಲೆಯಲ್ಲಿ ಒಬ್ಬನ ಗುಂಡಿಗೆ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಮರುತಿಂಗಳೇ ಅಮೆರಿಕದ ಸಂಸತ್ತು ಎರಡೂ ಪಕ್ಷಗಳ ಬೆಂಬಲದಿಂದ ಒಂದು ಕಾಯ್ದೆ ಮಾಡಿ, 21 ವರ್ಷದೊಳಗಿನವರು ಬಂದೂಕು ಕೊಳ್ಳುವಾಗ ಹೆಚ್ಚಿನ ತಪಾಸಣೆ ತಂದಿತು. ಸಂಗಾತಿಯ ಮೇಲೆ ಹಿಂಸೆ ಮಾಡಿ ಕೋರ್ಟಿನ ತಡೆ ಆದೇಶಕ್ಕೆ ಒಳಗಾದವರಿಂದ ಬಂದೂಕು ದೂರ ಇಡಬಹುದು ಅಂತ 2024ರಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿತು. ಆಸ್ಟ್ರೇಲಿಯದ ದಾರಿ ಬೇರೆ. 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನ ಗುಂಡಿಗೆ 35 ಜನ ಸತ್ತ ಎರಡು ವಾರದೊಳಗೆ ಎಲ್ಲ ರಾಜ್ಯಗಳೂ ಒಪ್ಪಂದಕ್ಕೆ ಬಂದವು. ಸರ್ಕಾರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸ್ ಪಡೆಯಿತು. ಭದ್ರವಾಗಿ ಇಡುವುದು ಅಲ್ಲಿ ಪರವಾನಗಿಯ ಭಾಗ.

ಸುದ್ದಿಯಾಗುವುದು ಶಾಲೆ, ಮಾಲ್‌ಗಳ ಹತ್ಯಾಕಾಂಡ. ಆದರೆ ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಜೀವ ಕಳೆದುಕೊಂಡವರು. ಮೂಡಿಗೆರೆಯ ಓದುಗರಿಗೆ ನಾನು ಹೇಳಿದ್ದು ಅದಕ್ಕೇ.

ಎಚ್‌1ಬಿ ವೀಸಾದಲ್ಲಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ವಲಸೆಯೇತರ (ತಾತ್ಕಾಲಿಕ) ವೀಸಾದವರು ಬಂದೂಕು ಅಥವಾ ಗುಂಡು ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸಿದೆ. ಬೇಟೆ ಲೈಸೆನ್ಸ್ ಮುಂತಾದ ಕೆಲವು ವಿನಾಯಿತಿಗಳು ಮಾತ್ರ ಇವೆ. ಗೆಳೆಯರ ಮಾತು ಕೇಳಿ ಸುಮ್ನೆ ಒಂದು ಕೊಂಡುಬಿಡಬೇಡಿ. ವೀಸಾಕ್ಕೇ ಕುತ್ತು ಬರಬಹುದು. ಮೊದಲು ಅಲ್ಲಿನ ವಕೀಲರನ್ನು ಕೇಳಿ.

ಪ್ರಶ್ನೆ: ತಮ್ಮನ ಮದುವೆ ದಿಬ್ಬಣದಲ್ಲಿ ಗಾಳಿಯಲ್ಲಿ ಎರಡು ಗುಂಡು ಹಾರಿಸಬೇಕು ಅಂತ ಮಾವನ ಆಸೆ. ಪರವಾನಗಿ ಇದೆ. ತೊಂದರೆ ಇದೆಯಾ?

ಇದೆ. ಸಂಭ್ರಮಕ್ಕೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತರುವುದನ್ನು 2019ರ ತಿದ್ದುಪಡಿ ಬೇರೆಯೇ ಅಪರಾಧ ಮಾಡಿದೆ. 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಕೆಳಗೆ ಬಂದೇ ಬರುತ್ತದೆ. ಪಟಾಕಿ ಹೊಡೆಯಿರಿ.

ಪ್ರಶ್ನೆ: ಪ್ರತಿ ಚುನಾವಣೆಗೂ ಕೋವಿ ಠಾಣೆಗೆ ತಂದಿಡು ಅಂತಾರೆ. ಅಷ್ಟು ದಿನ ತೋಟ ಕಾಯೋರು ಯಾರು? (ಪುತ್ತೂರಿನ ಅಡಿಕೆ ಬೆಳೆಗಾರರು)

ಚುನಾವಣಾ ಆಯೋಗದ ಸೂಚನೆ ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ತರಿಸಿ ಅಂತ ಇಲ್ಲ. ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಇರುವ ಪರಿಶೀಲನಾ ಸಮಿತಿ ಪ್ರತಿ ಪರವಾನಗಿಯನ್ನೂ ನೋಡಬೇಕು. ಜಾಮೀನಿನಲ್ಲಿರುವವರು, ಅಪರಾಧದ ಹಿನ್ನೆಲೆ ಇರುವವರು, ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಕೋವಿ ಮೊದಲು ಒಳಗೆ ಹೋಗಬೇಕು. ನಡೆಯುವುದು ಮಾತ್ರ ಸುಲಭದ ದಾರಿ: ಎಲ್ಲರಿಗೂ ಒಂದೇ ಆದೇಶ. ಆಯುಧ ಹಿಡಿದು ಮತಗಟ್ಟೆ ಸುತ್ತ ಯಾರೂ ಓಡಾಡಬಾರದು ಎಂಬುದು ಸರಿಯೇ. ಆದರೆ ಬೆಳೆರಕ್ಷಣೆ ಕೋವಿಯ ರೈತನನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯ. ಆದೇಶ ಬಂದ ಕೂಡಲೇ ವಿನಾಯಿತಿ ಕೋರಿ ಪಹಣಿ ಸಮೇತ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅದು ತಿರಸ್ಕಾರವಾದರೆ ಆದೇಶ ಪಾಲಿಸಿ. ಠೇವಣಿ ಇಡುವಾಗ ರಸೀದಿಯಲ್ಲಿ ಕೋವಿಯ ನಂಬರು ಸರಿ ಇದೆಯಾ ನೋಡಿ. ಕೋವಿಯ ಈಗಿನ ಸ್ಥಿತಿಯ ಫೋಟೊ ತೆಗೆದುಕೊಳ್ಳಿ. ತಿಂಗಳುಗಟ್ಟಲೆ ಠಾಣೆಯ ಮೂಲೆಯಲ್ಲಿ ತೇವ ಹಿಡಿದು ಬಂದ ನಳಿಕೆಯನ್ನು ಚೆನ್ನಾಗಿ ಒರೆಸದೆ ಈಡು ಹೊಡೆಯಬೇಡಿ.

ಪ್ರಶ್ನೆ: ತಂದೆ ತೀರಿಕೊಂಡು ವರ್ಷವಾಯಿತು. ಅವರ ಕೋವಿ ಅಟ್ಟದಲ್ಲಿದೆ. ಪರವಾನಗಿ ಅವರ ಹೆಸರಿನಲ್ಲಿತ್ತು. ನಮಗೆ ಬೇಡ, ಬಿಸಾಡಲೂ ಮನಸ್ಸಿಲ್ಲ. (ಶಿರಸಿಯಿಂದ)

ಪರವಾನಗಿದಾರರು ತೀರಿಕೊಂಡ ದಿನವೇ ಪರವಾನಗಿಯೂ ಮುಗಿಯಿತು. ಈಗ ಆ ಕೋವಿ ನಿಮ್ಮ ಅಟ್ಟದಲ್ಲಿ ಪರವಾನಗಿ ಇಲ್ಲದೆ ಇದೆ. 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಅಂಗಡಿಯಲ್ಲಿ ಠೇವಣಿ ಇಡಬೇಕಿತ್ತು. ಹೆದರಬೇಡಿ, ಆದರೆ ಇನ್ನೂ ತಡ ಮಾಡಬೇಡಿ. ಮರಣ ಪತ್ರ, ಹಳೆಯ ಪರವಾನಗಿ ಪುಸ್ತಕ ಹಿಡಿದು ಮೊದಲು ಒಬ್ಬ ವಕೀಲರನ್ನು ಕಂಡು, ಅವರ ಜೊತೆ ಠಾಣೆಗೆ ಹೋಗಿ. ಕೋವಿಯನ್ನು ಚೀಲದಲ್ಲಿ ಹಾಕಿಕೊಂಡು ಬೈಕಿನಲ್ಲಿ ಹೊರಡಬೇಡಿ. ಮೊದಲು ವಿಷಯ ತಿಳಿಸಿ, ಅವರು ಹೇಳಿದ ಹಾಗೆ ತನ್ನಿ.

ಠೇವಣಿ ಇಟ್ಟ ಮೇಲೆ ಯೋಚಿಸಲು ಸಮಯ ಇದೆ. ಮಾರಬಹುದು, ಅಥವಾ ಮನೆಯಲ್ಲಿ ಅರ್ಹತೆ ಇರುವವರು ವಾರಸುದಾರರಾಗಿ ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ಉಳಿದ ವಾರಸುದಾರರ ಒಪ್ಪಿಗೆ ಬೇಕು. ಇನ್ನೂ ಬದುಕಿರುವ ಹಿರಿಯರ ಕೋವಿ ಇರುವ ಮನೆಯವರು ಇಷ್ಟು ಕಾಯಬೇಕಾಗಿಲ್ಲ. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶ ಇದೆ.

ಅಟ್ಟದಿಂದ ಇಳಿಸುವಾಗ ಕೋವಿ ಒಂದನ್ನೇ ಹುಡುಕಬೇಡಿ. ತಂದೆಯವರ ಟ್ರಂಕು, ಮೇಜಿನ ಖಾನೆ, ಹಳೆಯ ಬಿಸ್ಕೆಟ್ ಡಬ್ಬಿ ಎಲ್ಲ ನೋಡಿ. ಹಳೆಯ ತೋಟೆಗಳು, ಕೇಪಿನ ಡಬ್ಬಿ, ಮಸಿಯ ಪೊಟ್ಟಣ ಅಲ್ಲೆಲ್ಲೋ ಇರುತ್ತವೆ. ಅವನ್ನೂ ಲೆಕ್ಕ ಬರೆಸಿ ಒಪ್ಪಿಸಬೇಕು. ಮಸಿಯನ್ನು ಒಲೆಗೆ ಹಾಕುವುದು, ತೋಟೆಯನ್ನು ಬಾವಿಗೆ ಎಸೆಯುವುದು ಬೇಡ.